ಯೂರಿಯಾ ಚೀಲದಲ್ಲಿ ಸಾರಜನಕ ಎಷ್ಟು?

ಪ್ರಶ್ನೆ: 45 ಕೆ.ಜಿ. ಯೂರಿಯಾ ಚೀಲದ ಮೇಲೆ ‘ಸಾರಜನಕ ಶೇ 46’ ಎಂದಿರುತ್ತದೆ. ಈ ಅಂಕಿ ಎಲ್ಲಿಂದ ಬಂತು? ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದ ‘18-46’ಕ್ಕೂ ಇದೇ ಲೆಕ್ಕವೇ?

ಉತ್ತರ: ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲದ ಒಂದು, ಆಮ್ಲಜನಕದ ಒಂದು, ಸಾರಜನಕದ ಎರಡು ಮತ್ತು ಜಲಜನಕದ ನಾಲ್ಕು ಪರಮಾಣುಗಳಿವೆ. ಇವುಗಳ ಪರಮಾಣು ರಾಶಿ ಕ್ರಮವಾಗಿ 12, 16, 14 ಮತ್ತು 1 ಆಗಿರುವುದರಿಂದ, ಅಣುವಿನ ಒಟ್ಟು ರಾಶಿ 12 + 16 + 28 + 4, ಅಂದರೆ 60 ಆಗುತ್ತದೆ. ಇದರಲ್ಲಿ ಸಾರಜನಕದ ಪಾಲು 28. 28ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ 46.67 ಬರುತ್ತದೆ. ಚೀಲದಲ್ಲಿರುವುದು ಸಂಪೂರ್ಣ ಶುದ್ಧ ಯೂರಿಯಾ ಅಲ್ಲ, ಅಲ್ಪ ತೇವಾಂಶವೂ ಇರುತ್ತದೆ. ಆದ್ದರಿಂದ ಶೇ 46 ಎಂದು ಮುದ್ರಿಸುತ್ತಾರೆ. ಆ ಪ್ರಕಾರ ನಿಮ್ಮ ಚೀಲದಲ್ಲಿರುವ ಸಾರಜನಕ 20.7 ಕೆ.ಜಿ.

ಡಿಎಪಿಯಲ್ಲಿ ಅನೇಕರು ಎಡವುತ್ತಾರೆ, ಮತ್ತು ತಪ್ಪು ಅವರದಲ್ಲ. ಅಲ್ಲಿನ 18 ನೇರವಾಗಿ ಸಾರಜನಕವೇ. ಆದರೆ 46 ಎಂಬುದು ರಂಜಕವಲ್ಲ, ಹಳೆಯ ರೂಢಿಯಂತೆ ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ ಹೇಳಿದ ಪ್ರಮಾಣ. ಆ ಆಕ್ಸೈಡಿನಲ್ಲಿ ರಂಜಕದ ಎರಡು ಪರಮಾಣುಗಳೂ (31 × 2 = 62) ಆಮ್ಲಜನಕದ ಐದು ಪರಮಾಣುಗಳೂ (16 × 5 = 80) ಸೇರಿ 142 ಆಗುವುದರಿಂದ, ರಂಜಕದ ಪಾಲು ಸುಮಾರು ಶೇ 43.7 ಮಾತ್ರ. ಹೀಗಾಗಿ 50 ಕೆ.ಜಿ. ಡಿಎಪಿ ಚೀಲದಲ್ಲಿ 23 ಕೆ.ಜಿ. ಎಂದು ಲೆಕ್ಕವಾಗುವ ಆಕ್ಸೈಡಿನಿಂದ ನಿಜವಾಗಿ ದೊರೆಯುವ ರಂಜಕ ಸುಮಾರು 10 ಕೆ.ಜಿ. ಶಿಫಾರಸಿನ ಪಟ್ಟಿಗಳೂ ಸಾಮಾನ್ಯವಾಗಿ ಆಕ್ಸೈಡ್ ಲೆಕ್ಕದಲ್ಲೇ ಇರುವುದರಿಂದ, ಹೊಲಕ್ಕೆ ಹಾಕುವಾಗ ಈ ಪರಿವರ್ತನೆಯ ಅಗತ್ಯ ಬೀಳುವುದಿಲ್ಲ.