‘ನರ’ ಅಂದರೆ ಯಾವ ನರ? ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ‘ನರ ಸಿಗ್ತಾ ಇಲ್ಲ’ ಅಂತ ಮೂರ್ನಾಲ್ಕು ಕಡೆ ಚುಚ್ಚುತ್ತಾರೆ. ನರಕ್ಕೆ ಪೆಟ್ಟಾಗಿ ಕೈ ಸೋಲುವುದಿಲ್ಲವೇ? (ಹಾಸನ)

ಉತ್ತರ: ಅವರು ಹುಡುಕುತ್ತಿರುವುದು ನರವನ್ನಲ್ಲ, ರಕ್ತ ಹರಿಯುವ ಸಿರೆಯನ್ನು. ನಮ್ಮ ಆಡುಮಾತಿನಲ್ಲಿ ನೀಲಿಯಾಗಿ ಉಬ್ಬುವ ಸಿರೆಯೂ ನರವೇ, ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಎದ್ದು ನಿಲ್ಲುವ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವೂ ನರವೇ. ರಾತ್ರಿ ಮೀನಖಂಡ ಗಂಟು ಕಟ್ಟಿದರೂ ‘ನರ ಹಿಡ್ಕೊಂಡಿದೆ’ ಅನ್ನುತ್ತೇವೆ. ನಿಜವಾದ ನರ ಬೆಳ್ಳಗಿನ ಹುರಿ. ಅದರೊಳಗೆ ಇರುವುದು ಸಂದೇಶ ಒಯ್ಯುವ ಎಳೆಗಳ ಕಟ್ಟು. ಸೂಜಿ ಅಪರೂಪಕ್ಕೆ ಅದಕ್ಕೆ ತಾಗಿದರೆ ಬೆರಳ ತುದಿವರೆಗೆ ಕರೆಂಟ್ ಹೊಡೆದಂತಾಗುತ್ತದೆ. ಸುಮ್ಮನಿರಬೇಡಿ, ಕೂಡಲೇ ಹೇಳಿ, ಸೂಜಿ ತೆಗೆಸಿ. ಮುಂದಿನ ಸಲ ಚೆನ್ನಾಗಿ ನೀರು ಕುಡಿದು ಹೋಗಿ. ಕೈಯನ್ನು ಬೆಚ್ಚಗೆ ಮಾಡಿಕೊಂಡು ಎರಡು ನಿಮಿಷ ಕೆಳಗೆ ಇಳಿಬಿಟ್ಟರೆ ಸಿರೆ ತಾನೇ ಉಬ್ಬುತ್ತದೆ.

ಪ್ರಶ್ನೆ: ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಹೋಗುತ್ತದೆ. ನರಕ್ಕೆ ಶಕ್ತಿ ಬರುವ ಮಾತ್ರೆ ತೆಗೆದುಕೊಳ್ಳಬಹುದೇ? (ಶಿರಸಿ)

ಉತ್ತರ: ಮಾತ್ರೆಯ ಮಾತು ಆಮೇಲೆ. ಯಾವ ಬೆರಳು ಅನ್ನುವುದನ್ನು ಮೊದಲು ನೋಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಇದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರಬೆರಳಿನ ಅರ್ಧ ಜೋಮು ಹಿಡಿದರೆ ಅದು ಮೀಡಿಯನ್ ನರ. ಮಣಿಕಟ್ಟಿನಲ್ಲಿ ಅದು ಒಂಬತ್ತು ಸ್ನಾಯುರಜ್ಜುಗಳ ಜೊತೆ ಇಕ್ಕಟ್ಟಾದ ಸುರಂಗದೊಳಗೆ ಹಾಯುತ್ತದೆ. ಮಣಿಕಟ್ಟು ಮಡಚಿ ಮಲಗಿದಾಗ ಒತ್ತಡ ಏರುತ್ತದೆ, ಕೊಡವಿದರೆ ಇಳಿಯುತ್ತದೆ. ನೀವು ಬರೆದದ್ದು ಇದನ್ನೇ ಹೋಲುತ್ತದೆ. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆಯಿರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಆರು ವಾರ ರಾತ್ರಿ ಹೊತ್ತು ಕಟ್ಟಿ ನೋಡಿ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಮಾತ್ರ ಕಾಯಬೇಡಿ, ತಡಮಾಡಿದರೆ ಕಳೆದುಕೊಂಡ ಬಲ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಮರಳದಿರಬಹುದು.

ಕಿರುಬೆರಳಾದರೆ ಅದು ಅಲ್ನಾರ್ ನರ, ಮೊಣಕೈ ಗೋಡೆಗೆ ತಾಗಿದಾಗ ಝುಂ ಅನ್ನುತ್ತದಲ್ಲ, ಅದೇ. ಮೊಣಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವವರು ಗಮನಿಸಬೇಕು.

ಎರಡೂ ಪಾದಗಳಲ್ಲಿ ಶುರುವಾಗಿ ಮೇಲೇರುವ ಜೋಮು ಬೇರೆಯೇ ಕಥೆ. ಸೊಂಟದಿಂದ ಕಾಲ್ಬೆರಳಿಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಬೆನ್ನುಮೂಳೆಯ ಬಳಿಯ ಜೀವಕೋಶದಿಂದಲೇ ಸಾಗಿಬರಬೇಕು. ಸಕ್ಕರೆ ಕಾಯಿಲೆ, ಮದ್ಯ, ಬಿ12 ಕೊರತೆ ಯಾವುದೇ ಇರಲಿ, ಮೊದಲು ಬಳಲುವುದು ಅತಿ ಉದ್ದದ ಎಳೆ.

ಈಗ ಮಾತ್ರೆ. ಶುದ್ಧ ಸಸ್ಯಾಹಾರಿಗಳಿಗೆ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ12 ಕಡಿಮೆಯಾಗುವುದುಂಟು. ರಕ್ತ ಪರೀಕ್ಷೆ ಮಾಡಿಸಿಯೇ ಶುರುಮಾಡಿ. ಅಂಗಡಿಯಲ್ಲಿ ಕೇಳಿ ತರುವ ‘ನರದ ಮಾತ್ರೆ’ಗಳಲ್ಲಿ ಬಿ6 ಕೂಡ ಇರುತ್ತದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ನರವೇ ಕೆಡುತ್ತದೆ!

ಪ್ರಶ್ನೆ: ಸಿಜೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಗೆ ತಾಗಿ ಜೀವನಪೂರ್ತಿ ಬೆನ್ನುನೋವು ಅನ್ನುತ್ತಾರೆ. (ದಾವಣಗೆರೆ)

ಉತ್ತರ: ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದ ಇಲ್ಲ. ಸುಮಾರು 45 ಸೆಂಟಿಮೀಟರ್ ಇದ್ದು, ಬಹುತೇಕ ಎಲ್ಲರಲ್ಲಿ ಸೊಂಟದ ಒಂದನೇ ಎರಡನೇ ಕಶೇರುಗಳ (ಬೆನ್ನುಮೂಳೆಯ ಬಿಡಿ ಮಣಿಗಳ) ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರು–ನಾಲ್ಕು ಅಥವಾ ನಾಲ್ಕು–ಐದನೇ ಕಶೇರುಗಳ ನಡುವೆ. ಅಲ್ಲಿ ದ್ರವದಲ್ಲಿ ತೇಲುವ ಬಿಡಿಬಿಡಿ ನರಗಳು ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ಬೆನ್ನು ಬಾಗಿಸಿ ಕೂರಲು ಹೇಳುವುದು ಮೂಳೆಗಳ ನಡುವಿನ ಸಂದು ತೆರೆದುಕೊಳ್ಳಲಿ ಎಂದು. ಬಾಣಂತಿಯರ ಬೆನ್ನುನೋವಿಗೆ ಸಡಿಲಗೊಂಡ ಅಸ್ಥಿಬಂಧಗಳು (ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು), ಬಗ್ಗಿ ಹಾಲೂಡಿಸುವುದು, ಮಗುವನ್ನು ಎತ್ತುವುದು ಮುಖ್ಯ ಕಾರಣ. ಸೂಜಿಯಿಂದ ನಿಜಕ್ಕೂ ಬರಬಹುದಾದದ್ದು ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ತಗ್ಗುವ ತಲೆನೋವು. ಸೂಜಿಯ ತೂತಿನಿಂದ ದ್ರವ ಸೋರುವುದರಿಂದ ಹಾಗಾಗುತ್ತದೆ. ಮೊದಲ ಕೆಲವು ದಿನಗಳಲ್ಲಿ ಅಂಥದ್ದು ಬಂದರೆ ಅರಿವಳಿಕೆ ತಜ್ಞರಿಗೆ ತಿಳಿಸಿ, ಚಿಕಿತ್ಸೆ ಇದೆ.

ಪ್ರಶ್ನೆ: ಮುಖ ಒಂದು ಕಡೆ ವಾಲಿದರೆ ಲಕ್ವವೇ? (ಕೊಪ್ಪಳ)

ಉತ್ತರ: ಎರಡು ಬಗೆ. ಕಿವಿಯ ಬಳಿ ಕಿರಿದಾದ ಮೂಳೆಯ ಕಾಲುವೆಯೊಳಗೆ ಮುಖದ ನರವೇ ಊದಿದರೆ ಹಣೆ ಸುಕ್ಕುಗಟ್ಟಿಸಲು ಆಗದು, ಕಣ್ಣೂ ಮುಚ್ಚದು. ಇದಕ್ಕೆ 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾಗಬೇಕು, ಕಣ್ಣು ಒಣಗದಂತೆ ಕಾಪಾಡಬೇಕು. ಮಿದುಳಿನಲ್ಲಿ ರಕ್ತ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ ಬಾಯಿ ವಾಲಿದರೂ ಹಣೆ ಸುಕ್ಕುಗಟ್ಟುತ್ತದೆ, ಏಕೆಂದರೆ ಹಣೆಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ. ಆದರೆ ಮನೆಯಲ್ಲೇ ತೀರ್ಮಾನಿಸುತ್ತಾ ಕೂರಬೇಡಿ. ಕೈ ಸೋತರೆ, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ನುಂಗಲು ಕಷ್ಟವಾಗಿ ಶ್ವಾಸಕೋಶಕ್ಕೆ ಹೋಗಬಹುದು, ಹಾಗಾಗಿ ದಾರಿಯಲ್ಲಿ ನೀರನ್ನೂ ಕುಡಿಸಬೇಡಿ. ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂದು ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದೇ ಅದು.