ಅಜ್ಜ ಸಂಗ್ರಹಿಸಿದ ಚಿತ್ರಗಳನ್ನು ಕಾಸರಗೋಡಿನ ನಮ್ಮ ಮನೆಯಲ್ಲೇ ಸಾರ್ವಜನಿಕ ಗ್ಯಾಲರಿ ಮಾಡುವುದು ಹೇಗೆ?

ಮೊದಲು ಒಡೆತನ ಇತ್ಯರ್ಥವಾಗಲಿ. ಹೆಚ್ಚಿನ ಸಂಗ್ರಹಗಳು ಕೆಡುವುದು ಗೆದ್ದಲಿನಿಂದಲ್ಲ, ಪಾಲಿನ ಜಗಳದಿಂದ. ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಿದ ಮೇಲೆ ಸಂಗ್ರಹವನ್ನು ಒಂದು ಟ್ರಸ್ಟ್‌ಗೆ ವಹಿಸುವ ಪತ್ರ (ಟ್ರಸ್ಟ್ ಡೀಡ್) ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಯಾವ ವಸ್ತುವನ್ನೂ ಮಾರುವಂತಿಲ್ಲ, ಟ್ರಸ್ಟ್ ಮುಚ್ಚಿದರೆ ಸಂಗ್ರಹ ಯಾವ ಸಂಸ್ಥೆಗೆ ಎಂಬ ಎರಡು ಮಾತು ಅದರಲ್ಲಿ ಇರಲೇಬೇಕು.

ಜೊತೆಗೇ ಪಟ್ಟಿ ಮಾಡಿ: ಪ್ರತಿ ಕೃತಿಗೊಂದು ಸಂಖ್ಯೆ, ಮುಂದೆ ಹಿಂದೆ ಎರಡೂ ಬದಿಯ ಫೋಟೋ, ಅಳತೆ, ಯಾರಿಂದ ಯಾವಾಗ ಬಂತು, ಈಗಿನ ಸ್ಥಿತಿ. ನೂರು ವರ್ಷ ದಾಟಿದ ವಿಗ್ರಹ, ವರ್ಣಚಿತ್ರಗಳಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೋಂದಣಿ ಬೇಕು. ಒಡೆತನ ಟ್ರಸ್ಟ್‌ಗೆ ಹೋದಾಗಲೂ ಆ ಕಾಯ್ದೆಯ ನೋಂದಣಾಧಿಕಾರಿಗೆ ತಿಳಿಸಬೇಕು. ಚಿತ್ರ ನಿಮ್ಮದಾದ ಮಾತ್ರಕ್ಕೆ ಕೃತಿಸ್ವಾಮ್ಯ (ಕಾಪಿರೈಟ್) ನಿಮ್ಮದಲ್ಲ. ಅದು ಸಾಮಾನ್ಯವಾಗಿ ಕಲಾವಿದ ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಹಾಗಾಗಿ ಪೋಸ್ಟ್‌ಕಾರ್ಡ್ ಅಚ್ಚುಹಾಕಿಸುವ ಮುನ್ನ ಒಪ್ಪಿಗೆ ಪಡೆಯಿರಿ.

ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ಆಟಿ ತಿಂಗಳ (ಜುಲೈ-ಆಗಸ್ಟ್ ಮಳೆಗಾಲದ) ತೇವ. ಗಾಳಿಯ ತೇವಾಂಶ ಶೇ. 65 ಮೀರಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟನ್ನು ಮಳೆ ಬಡಿಯುವ ಹೊರಗೋಡೆಗೆ ತೂಗಬೇಡಿ, ಒಳಗೋಡೆಯಲ್ಲೂ ಮೂಲೆಗಳಿಗೆ ಬೆಂಡಿನ ತುಂಡು ಅಂಟಿಸಿ ಹಿಂದೆ ಗಾಳಿಯಾಡಲು ಬಿಡಿ. ಹಗಲು ಮಾತ್ರ ಎಸಿ ಹಾಕಿ ರಾತ್ರಿ ಆರಿಸುವುದು ಇನ್ನೂ ಕೆಟ್ಟದ್ದು. ತೇವ ಏರಿಳಿದಂತೆ ಬಣ್ಣದ ಪದರ ಬಿರಿಯುತ್ತದೆ. ಜಲವರ್ಣ, ಹಳೆಯ ಫೋಟೋಗಳಿಗೆ 50 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಸಾಕು.

ಖರ್ಚು ಹೊರಲಾಗದಿದ್ದರೆ ಸರ್ಕಾರಕ್ಕೆ ಒಪ್ಪಿಸುವ ದಾರಿಯೂ ಇದೆ. ಹೈದರಾಬಾದಿನಲ್ಲಿ ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್ ಅವರ ಸಂಗ್ರಹ 1951ರಲ್ಲಿ ಅವರ ಮನೆಯಲ್ಲೇ ಜನರಿಗೆ ತೆರೆದು, 1961ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಏನೇ ಮಾಡಿ, ವಿವರಫಲಕಗಳಲ್ಲಿ ಮಲಯಾಳದ ಜೊತೆ ಕನ್ನಡವೂ ಇರಲಿ.