16 ತಿಂಗಳ ಮಗಳ ಕಾರ್ ಸೀಟನ್ನು ಮುಂದಕ್ಕೆ ತಿರುಗಿಸಬಹುದೇ? ಐದು ವರ್ಷದ ಮಗನಿಗೆ ಬೂಸ್ಟರ್ ಸಾಕೇ?

ನಿಮ್ಮ ಮಗಳಿಗೆ 16 ತಿಂಗಳು, 79 ಸೆಂ.ಮೀ. ಎತ್ತರ, ಹತ್ತು ಕಿಲೋ ತೂಕ. ಹಿಮ್ಮುಖವಾಗಿ, ಅಂದರೆ ಮುಖ ಕಾರಿನ ಹಿಂಭಾಗಕ್ಕಿರುವಂತೆ ಕೂರಿಸಿದರೆ ಕಾಲು ಕಾರಿನ ಸೀಟಿಗೆ ತಾಗಿ ಮಡಚಿಕೊಳ್ಳುತ್ತದೆ, ಅವಳ ಅಜ್ಜಿಗೆ ಅದನ್ನು ನೋಡಲಾಗುತ್ತಿಲ್ಲ, ಕೈಪಿಡಿಯಲ್ಲಿಯೂ 15 ತಿಂಗಳು ಮತ್ತು 76 ಸೆಂ.ಮೀ. ದಾಟಿದ ಮೇಲೆ ಮುಂದಕ್ಕೆ ತಿರುಗಿಸಬಹುದೆಂದು ಬರೆದಿದೆ. ಮಗನಿಗೆ ಐದು ವರ್ಷ, 17 ಕಿಲೋ. ಅವನ ಹಾರ್ನೆಸ್ ಸೀಟನ್ನು (ಮಗುವನ್ನು ಸೀಟಿನದೇ ಪಟ್ಟಿಗಳಿಂದ ಬಿಗಿಯುವಂಥದ್ದು) ತೆಗೆದು, ಎತ್ತರಿಸಿ ಕೂರಿಸುವ ಬೂಸ್ಟರ್ ಕೊಡಿಸೋಣವೇ ಎಂದು ಕೇಳಿದ್ದೀರಿ. ಇಬ್ಬರು ಮಕ್ಕಳನ್ನು ಈ ಎಲ್ಲ ಸೀಟುಗಳಲ್ಲಿ ಕೂರಿಸಿ ಬೆಳೆಸಿದ ತಾಯಿಯಾಗಿ, ಮೊದಲನೆಯವನ ವಿಷಯದಲ್ಲಿ ಆತುರಪಟ್ಟು ಆಮೇಲೆ ಕೊರಗಿದವಳಾಗಿ ಹೇಳುತ್ತೇನೆ: ಮಗಳನ್ನು ಈಗ ತಿರುಗಿಸಬೇಡಿ, ಮಗನ ಸೀಟನ್ನೂ ಸದ್ಯಕ್ಕೆ ಬದಲಾಯಿಸಬೇಡಿ.

ಮಗು ಒಂದು ಸೀಟಿನಿಂದ ಮುಂದಿನದಕ್ಕೆ ಹೋದಾಗ ನಮಗೆ ಅದು ಮೇಲಿನ ತರಗತಿಗೆ ಪಾಸಾದಂತೆ ಕಾಣುತ್ತದೆ. ವಾಸ್ತವದಲ್ಲಿ ಪ್ರತಿಯೊಂದು ಬದಲಾವಣೆಯಲ್ಲಿಯೂ ಮಗು ಒಂದಿಷ್ಟು ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಹಿಮ್ಮುಖವಾಗಿ ಕುಳಿತ ಮಗು ಎದುರಿನಿಂದಾಗುವ ಡಿಕ್ಕಿಯಲ್ಲಿ ಸೀಟಿನ ಬೆನ್ನಿಗೇ ಒತ್ತಿಕೊಳ್ಳುತ್ತದೆ. ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಆಧಾರ ಪಡೆಯುವುದರಿಂದ ಹೊಡೆತ ಇಡೀ ಬೆನ್ನಿನ ಮೇಲೆ ಹಂಚಿಹೋಗುತ್ತದೆ. ಮುಂದಕ್ಕೆ ತಿರುಗಿಸಿದರೆ ಹಾರ್ನೆಸ್ ಪಟ್ಟಿಗಳು ಎದೆ ಮತ್ತು ಸೊಂಟವನ್ನು ಹಿಡಿದು ನಿಲ್ಲಿಸುತ್ತವೆ, ಆದರೆ ತಲೆಯನ್ನು ಹಿಡಿಯುವುದು ಕುತ್ತಿಗೆ ಮಾತ್ರ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಹತ್ತು ಕಿಲೋದ ಮಗು ಆ ಕ್ಷಣದಲ್ಲಿ ಸುಮಾರು 140 ಕಿಲೋ ಭಾರದಂತೆ ಮುಂದಕ್ಕೆ ಎಳೆಯುತ್ತದೆ. (ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುವವರಿಗೂ ನಾನು ಇದೇ ಲೆಕ್ಕವನ್ನು ಹೇಳುತ್ತೇನೆ.) ಶರೀರಕ್ಕೆ ಹೋಲಿಸಿದರೆ ಎಳೆಯ ಮಗುವಿನ ತಲೆ ನಮ್ಮದಕ್ಕಿಂತ ಬಹಳ ದೊಡ್ಡದು, ಭಾರವೂ ಹೆಚ್ಚು, ಕುತ್ತಿಗೆಯ ಮೂಳೆಗಳೋ ಇನ್ನೂ ಪೂರ್ತಿ ಗಟ್ಟಿಯಾಗಿರದೆ ಮೃದ್ವಸ್ಥಿಯಿಂದ ಕೂಡಿರುತ್ತವೆ.

ಕಾಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿಯೂ ಮಾತು ಶುರುವಾದದ್ದು ಅಲ್ಲಿಂದಲೇ. ನನ್ನ ಮಗಳು ಎರಡೂವರೆ ವರ್ಷದವಳಿದ್ದಾಗ ಹಿಮ್ಮುಖ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು, ಕೆಲವೊಮ್ಮೆ ಎರಡೂ ಪಾದಗಳನ್ನು ಕಾರಿನ ಸೀಟಿನ ಬೆನ್ನಿಗೆ ಊರಿ ಮೊಣಕಾಲನ್ನು ಮೇಲಕ್ಕೆತ್ತಿಕೊಂಡು ಹಾಗೆಯೇ ನಿದ್ದೆ ಹೋಗುತ್ತಿದ್ದಳು. ಮನೆಯ ನೆಲದ ಮೇಲೂ ಅವಳು ಕೂರುತ್ತಿದ್ದದ್ದು ಹಾಗೆಯೇ. ನಮ್ಮ ಕೀಲುಗಳಿಗೆ ಕಷ್ಟವೆನಿಸುವ ಭಂಗಿ ಮಕ್ಕಳಿಗೆ ಕಷ್ಟವಲ್ಲ. ಕಾಲು ತಾಗುವುದು ಸೀಟು ಚಿಕ್ಕದಾಯಿತು ಎಂಬುದರ ಗುರುತೂ ಅಲ್ಲ. ಅಜ್ಜಿಗೆ ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಮಗು ಹಾಗೆ ಮಲಗಿರುವಾಗ ಪಕ್ಕದಲ್ಲಿ ಕೂರಿಸಿ ತೋರಿಸಿ.

ಕೈಪಿಡಿಯಲ್ಲಿರುವ 15 ತಿಂಗಳು, 76 ಸೆಂ.ಮೀ. ಎಂಬುದು ಕನಿಷ್ಠ ಮಿತಿ. ಆರ್129 ಎಂಬ ಯುರೋಪಿನ ನಿಯಮದ ಪ್ರಕಾರ ಅದಕ್ಕಿಂತ ಮೊದಲು ತಿರುಗಿಸುವಂತಿಲ್ಲ. ಅಷ್ಟಾದ ಕೂಡಲೇ ತಿರುಗಿಸಬೇಕೆಂದು ಅದರ ಅರ್ಥವಲ್ಲ. ನಾನು ತಪ್ಪಿದ್ದು ಇಲ್ಲಿಯೇ. ಹಿರಿಯವನ ಸೀಟು ಹಳೆಯ ಆರ್44 ನಿಯಮದ್ದು, ಅದರ ಲೇಬಲ್ಲಿನಲ್ಲಿ 9–18 ಕಿಲೋ ಎಂದಿತ್ತು; ಅವನು ಒಂಬತ್ತು ಕಿಲೋ ಮುಟ್ಟಿದ ವಾರವೇ, ಹನ್ನೊಂದು ತಿಂಗಳಿಗೆ, ಸಂಭ್ರಮದಿಂದ ಮುಂದಕ್ಕೆ ತಿರುಗಿಸಿ ಫೋಟೋ ತೆಗೆದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು ಎರಡು ವರ್ಷದವರೆಗೆ ಹಿಮ್ಮುಖವಾಗಿರಲಿ ಎನ್ನುತ್ತಿತ್ತು. 2018ರಲ್ಲಿ ವಯಸ್ಸಿನ ಗಡಿಯನ್ನೇ ಕೈಬಿಟ್ಟು, ಸೀಟಿನ ಗರಿಷ್ಠ ಎತ್ತರ ಅಥವಾ ತೂಕದ ಮಿತಿ ಮುಟ್ಟುವವರೆಗೆ ಹಾಗೆಯೇ ಇರಲಿ ಎಂದಿತು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವುದು ಬಹುಕಾಲದಿಂದ ನಡೆದುಬಂದಿರುವ ರೂಢಿ.

ನಿಮ್ಮ ಸೀಟಿಗೆ ಹಿಮ್ಮುಖವಾಗಿಯೇ 105 ಸೆಂ.ಮೀ. ತನಕ ಅನುಮತಿ ಇದೆ ಎಂದು ಬರೆದಿದ್ದೀರಿ. ಆ ಎತ್ತರ ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕೂ ಮೊದಲೇ ತೂಕದ ಮಿತಿ ದಾಟಿದರೆ, ಇಲ್ಲವೇ ತಲೆಯ ನೆತ್ತಿ ಸೀಟಿನ ಮೇಲಂಚಿನ ಹತ್ತಿರಕ್ಕೆ ಬಂದುಬಿಟ್ಟರೆ, ಆಗ ತಿರುಗಿಸಿ. ತಿರುಗಿಸುವ ದಿನ ಹಾರ್ನೆಸ್ಸಿನ ಎತ್ತರವನ್ನೂ ಬದಲಾಯಿಸಬೇಕು: ಹಿಮ್ಮುಖವಾಗಿದ್ದಾಗ ಪಟ್ಟಿ ಹೆಗಲಿನ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು, ಮುಮ್ಮುಖವಾದಾಗ ಹೆಗಲಿನ ಮಟ್ಟದಲ್ಲಿ ಅಥವಾ ತುಸು ಮೇಲಿನಿಂದ. ಸೀಟಿಗೆ ಟಾಪ್ ಟೆದರ್, ಅಂದರೆ ಸೀಟಿನ ಮೇಲ್ಭಾಗವನ್ನು ಕಾರಿಗೆ ಬಿಗಿಯುವ ಪಟ್ಟಿ, ಇದ್ದರೆ ಅದನ್ನು ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಲು ಮರೆಯಬೇಡಿ. ಇನ್ನೊಂದು ಮಾತು, ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಯಾವತ್ತೂ ಇಡಬಾರದು.

ಈಗ ಮಗನ ವಿಷಯ. ಹಾರ್ನೆಸ್ ಸೀಟಿನ ಲೇಬಲ್ಲಿನಲ್ಲಿ 18 ಕಿಲೋ ಎಂದಿದ್ದರೆ ಅವನಿಗೆ ಇನ್ನೂ ಒಂದು ಕಿಲೋ ಅವಕಾಶವಿದೆ. ಪಟ್ಟಿ ಹೊರಬರುವ ಅತಿ ಮೇಲಿನ ಕಿಂಡಿಯನ್ನು ಅವನ ಹೆಗಲು ದಾಟಿರದಿದ್ದರೆ ಅಲ್ಲಿಯೇ ಇರಲಿ. ಬೂಸ್ಟರ್ ಮಗುವನ್ನು ಹಿಡಿಯುವುದಿಲ್ಲ, ದೊಡ್ಡವರ ಬೆಲ್ಟ್ ಸರಿಯಾದ ಜಾಗದಲ್ಲಿ ಬೀಳುವಂತೆ ಮಗುವನ್ನು ಮೇಲಕ್ಕೆತ್ತಿ ಕೂರಿಸುತ್ತದೆ, ಅಷ್ಟೆ. ಆದ್ದರಿಂದ ಮಗು ಪ್ರಯಾಣದುದ್ದಕ್ಕೂ ನೆಟ್ಟಗೆ ಕೂರಬಲ್ಲುದೇ ಎಂಬುದೂ ತೂಕದಷ್ಟೇ ಮುಖ್ಯ. ಹಿರಿಯವನನ್ನು ನಾಲ್ಕೂವರೆಗೆ ಬೆನ್ನಿಲ್ಲದ ಬೂಸ್ಟರಿಗೆ ಹಾಕಿದ್ದೆ. ಹಾಸನದಿಂದ ರಾತ್ರಿ ಬೆಂಗಳೂರಿಗೆ ಬರುವಾಗ ಹಿಂತಿರುಗಿ ನೋಡಿದರೆ, ನಿದ್ದೆಯಲ್ಲಿ ಬಾಗಿಲಿನ ಕಡೆಗೆ ವಾಲಿದ್ದ, ಹೆಗಲ ಮೇಲಿರಬೇಕಾದ ಬೆಲ್ಟ್ ಕಂಕುಳ ಕೆಳಗೆ ಜಾರಿತ್ತು, ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬಂದಿತ್ತು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಅವನನ್ನು ಸರಿಪಡಿಸುವಾಗ ನನ್ನ ಕೈ ನಡುಗುತ್ತಿತ್ತು. ಮರುದಿನವೇ ಹಾರ್ನೆಸ್ ಸೀಟನ್ನು ಅಟ್ಟದಿಂದ ಇಳಿಸಿದೆವು. ನೀವು ಬೂಸ್ಟರ್ ಕೊಳ್ಳುವ ದಿನ ಬಂದಾಗ ಬೆನ್ನು ಮತ್ತು ತಲೆಯ ಪಕ್ಕದ ಆಸರೆ ಇರುವುದನ್ನೇ ಕೊಳ್ಳಿ, ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಆಸನದಲ್ಲಿ ಅದನ್ನು ಇಡಬೇಡಿ.

ಬೂಸ್ಟರ್ ಬಿಡುವ ಹೊತ್ತು ಇನ್ನೂ ದೂರವಿದೆ, ಹೆಚ್ಚಿನ ಮಕ್ಕಳಿಗೆ ಹತ್ತು–ಹನ್ನೆರಡು ವರ್ಷವಾದ ಮೇಲೆ, 145 ಸೆಂ.ಮೀ. ಎತ್ತರ ದಾಟಿದಾಗ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ ಎನ್ನುತ್ತದೆ, ಆದರೆ ಯಾವ ಎತ್ತರಕ್ಕೆ ಯಾವ ಸೀಟು ಎಂದು ಆ ಕಲಮಿನಲ್ಲಿ ಹೇಳಿಲ್ಲ. ಹಾಗಾಗಿ ಅಳತೆಯ ಕೆಲಸ ನಮ್ಮದೇ. ನಾನು ಅಡುಗೆಮನೆಯ ಬಾಗಿಲಿನ ಚೌಕಟ್ಟಿನ ಮೇಲೆ ಮಗಳ ಸೀಟಿನ ಮಿತಿಯನ್ನು ಪೆನ್ಸಿಲಿನಿಂದ ಗೆರೆ ಎಳೆದು, ಮೂರು ತಿಂಗಳಿಗೊಮ್ಮೆ ಅವಳನ್ನು ಅಲ್ಲಿ ನಿಲ್ಲಿಸುತ್ತಿದ್ದೆ. ಅವಳು ಆ ಗೆರೆಯನ್ನು ಮುಟ್ಟಿದ್ದು ನಾಲ್ಕು ವರ್ಷ ಎರಡು ತಿಂಗಳಿಗೆ.